ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಬಸ್ ನಿಲ್ದಾಣ ಅಥವಾ ವಸತಿ ಪ್ರಾಜೆಕ್ಟ್: ಸೈಟ್‌ನಿಂದ ಜ್ಯೂರಿವರೆಗೆ

‘ಥೀಸಿಸ್‌ಗೆ ನಮ್ಮೂರ ಬಸ್ ಸ್ಟ್ಯಾಂಡ್ ತಗೊಂಡಿದ್ದೀನಿ, ಎಲ್ಲಿಂದ ಶುರು ಮಾಡ್ಲಿ?’ ‘ಹೌಸಿಂಗ್ ಪ್ರಾಜೆಕ್ಟ್ ಕೊಟ್ಟಿದ್ದಾರೆ, ಸಸ್ಟೇನಬಲ್ ಅಂತ ತೋರಿಸೋದು ಹೇಗೆ?’ ನಮ್ಮ ಕಡೆಯಿಂದ ಹೋಗಿ ಆರ್ಕಿಟೆಕ್ಚರ್ ಓದುತ್ತಿರುವ ಹುಡುಗ ಹುಡುಗಿಯರು ಪ್ರತಿ ಸೆಮಿಸ್ಟರ್ ಕೇಳುವುದು ಈ ಎರಡೇ ಪ್ರಶ್ನೆ. ಒಬ್ಬೊಬ್ಬರಿಗೆ ಉತ್ತರ ಬರೆಯುವ ಬದಲು ಸೈಟ್ ಆರಿಸುವುದರಿಂದ ಜ್ಯೂರಿವರೆಗೆ, ಅಂದರೆ ಪರೀಕ್ಷಕರ ಮುಂದೆ ಪ್ರಾಜೆಕ್ಟ್ ಮಂಡಿಸುವವರೆಗೆ, ಎಲ್ಲವನ್ನೂ ಇಲ್ಲಿ ಒಂದೇ ಕಡೆ ಇಟ್ಟಿದ್ದೇನೆ.

ಈ ಮೂರು ಜಿಲ್ಲೆಗಳಲ್ಲಿ ಕಟ್ಟಡದ ಪರೀಕ್ಷೆ ನಡೆಯುವುದು ಮಾರ್ಚ್‌ನಿಂದ ಜೂನ್‌ವರೆಗೆ. ಬಸ್ ಕಾಯುವವರಿಗೆ ಸಂಜೆ ನಾಲ್ಕೂವರೆಗೆ ನೆರಳು ಎಲ್ಲಿದೆ? ಮನೆಯಲ್ಲಿ ಇರುವವರಿಗೆ ರಾತ್ರಿ ಹತ್ತಕ್ಕೆ ಮಲಗುವಷ್ಟು ತಂಪು ಎಲ್ಲಿದೆ? ಇವೆರಡಕ್ಕೆ ನಿಮ್ಮ ಡ್ರಾಯಿಂಗ್ ಅಂಕಿಯಲ್ಲಿ ಉತ್ತರ ಕೊಟ್ಟರೆ ಅದು ಒಳ್ಳೆಯ ಪ್ರಾಜೆಕ್ಟ್. ಕೊಡದಿದ್ದರೆ ರೆಂಡರ್ (ಕಂಪ್ಯೂಟರಿನಲ್ಲಿ ಮಾಡಿದ ಕಟ್ಟಡದ ಚಿತ್ರ) ಎಷ್ಟೇ ಚೆನ್ನಾಗಿದ್ದರೂ ಅದು ಎಲ್ಲಿ ಬೇಕಾದರೂ ಇಡಬಹುದಾದ ಕಟ್ಟಡ.

ಶುರು ಮಾಡುವ ಮೊದಲು ಇಷ್ಟು ಹೊಂದಿಸಿಕೊಳ್ಳಿ: ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಪರಿಚಯ ಪತ್ರ, ಒಂದು ಟೇಪು, ಫೋನಿನಲ್ಲಿ ದಿಕ್ಸೂಚಿ, ದಪ್ಪ ನೋಟ್‌ಬುಕ್. ಓದಲು ನ್ಯಾಷನಲ್ ಬಿಲ್ಡಿಂಗ್ ಕೋಡ್ 2016 (ಮುಂದೆ ಬರೀ ಎನ್‌ಬಿಸಿ ಎನ್ನುತ್ತೇನೆ), ವಸತಿ ಕಟ್ಟಡಗಳ ಇಂಧನ ಸಂಹಿತೆಯಾದ ಇಕೋ ನಿವಾಸ್ ಸಂಹಿತಾ 2018, ಅಂಗವಿಕಲರ ಅನುಕೂಲಕ್ಕಾಗಿ ಬಂದಿರುವ 2021ರ ಹಾರ್ಮೊನೈಸ್ಡ್ ಗೈಡ್‌ಲೈನ್ಸ್ ಮತ್ತು ನಿಮ್ಮ ಊರಿನ ಮಾಸ್ಟರ್ ಪ್ಲಾನ್.

1. ವಿಷಯ ಚಿಕ್ಕದು ಮಾಡಿ, ಜನರನ್ನು ಹೆಸರಿಸಿ

‘ಬಳ್ಳಾರಿಗೆ ಇಂಟಿಗ್ರೇಟೆಡ್ ಟ್ರಾನ್ಸಿಟ್ ಹಬ್’ ಅಂತ ಸಿನಾಪ್ಸಿಸ್ (ಥೀಸಿಸ್ ವಿಷಯದ ಸಾರಾಂಶ) ಬರೆದರೆ ಮುಂದಿನ ನಾಲ್ಕು ತಿಂಗಳು ಒದ್ದಾಡುತ್ತೀರಿ. ಅದರಲ್ಲಿ ಯಾರ ಕಷ್ಟವೂ ಇಲ್ಲ. ಯಾರಿಗಾಗಿ ಕಟ್ಟುತ್ತಿದ್ದೀರಿ ಎಂಬುದನ್ನು ಮೊದಲ ಸಾಲಲ್ಲೇ ಬರೆಯಿರಿ.

ಉದಾಹರಣೆಗೆ ಕೊಪ್ಪಳ ಜಿಲ್ಲೆಯ ಹುಲಿಗಿ. ಮಂಗಳವಾರ, ಶುಕ್ರವಾರ, ಹುಣ್ಣಿಮೆಗೆ ಹುಲಿಗೆಮ್ಮನ ದರ್ಶನಕ್ಕೆ ಜನ ತುಂಬಿ ಬರುತ್ತಾರೆ, ಉಳಿದ ದಿನ ಅಷ್ಟು ಇರುವುದಿಲ್ಲ. ಮುನಿರಾಬಾದ್ ರೈಲು ನಿಲ್ದಾಣ ಹತ್ತಿರದಲ್ಲೇ ಇದೆ. ಹಿಗ್ಗುವ, ಕುಗ್ಗುವ ಬಸ್ ನಿಲ್ದಾಣವೊಂದನ್ನು ಯೋಚಿಸಲು ಇದಕ್ಕಿಂತ ಒಳ್ಳೆಯ ಜಾಗ ಬೇಕಾ? ರಾಯಚೂರು, ಕೊಪ್ಪಳದಿಂದ ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳು ಹಿಟ್ಟಿನ ಚೀಲ, ಪಾತ್ರೆ, ಮಕ್ಕಳ ಸಮೇತ ರಾತ್ರಿ ಬಸ್ಸಿಗೆ ಗಂಟೆಗಟ್ಟಲೆ ಕಾಯುತ್ತವೆ. ಅವರಿಗೊಂದು ನಿಲ್ದಾಣ ಎಂದರೆ ಅದೇ ಪೂರ್ತಿ ಥೀಸಿಸ್.

ವಸತಿಯಲ್ಲೂ ಹಾಗೆಯೇ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕುಟುಂಬ, ಕೊಪ್ಪಳದ ಭಾಗ್ಯನಗರದಲ್ಲಿ ಕೂದಲು ಬಿಡಿಸುವ ಕೆಲಸದವರು, ಗಿಣಿಗೇರಾ ಸುತ್ತಲಿನ ಕಾರ್ಖಾನೆಗಳಲ್ಲಿ ಪಾಳಿ ಮೇಲೆ ದುಡಿದು ಬಾಡಿಗೆ ಕೋಣೆಯಲ್ಲಿ ಇರುವವರು. ಮೂವರಿಗೂ ಬೇಕಾದ ಮನೆ ಬೇರೆ ಬೇರೆ. ರಾತ್ರಿ ಪಾಳಿಯವನು ಮಧ್ಯಾಹ್ನ ಮಲಗಬೇಕು, ಅವನ ಕೋಣೆ ಪಶ್ಚಿಮಕ್ಕಿದ್ದರೆ ಏನು ಗತಿ ಹೇಳಿ.

2. ಸೈಟ್: ಇಷ್ಟಪಡುವ ಮೊದಲು ವಿಚಾರಿಸಿ

ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಅದನ್ನು ಹಿಡಿದುಕೊಂಡು ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಹೋಗಿ (ಬಳ್ಳಾರಿಯಲ್ಲಾದರೆ ಬುಡಾ). ಮಾಸ್ಟರ್ ಪ್ಲಾನ್‌ನಲ್ಲಿ ಅದು ಯಾವ ವಲಯ, ಎಫ್‌ಎಆರ್ ಎಷ್ಟು, ಸುತ್ತ ಎಷ್ಟು ಜಾಗ ಬಿಡಬೇಕು ಕೇಳಿ ಬರೆದುಕೊಳ್ಳಿ. ಎಫ್‌ಎಆರ್ ಎಂದರೆ ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಒಟ್ಟು ಕಟ್ಟಬಹುದು ಎಂಬ ಲೆಕ್ಕ. ಅಲ್ಲಿ ಗುಂಟೆಯಲ್ಲಿ ಮಾತಾಡುತ್ತಾರೆ: ಒಂದು ಗುಂಟೆ ಸುಮಾರು 101 ಚದರ ಮೀಟರ್, 40 ಗುಂಟೆಗೆ ಒಂದು ಎಕರೆ.

ವಿದ್ಯಾರ್ಥಿಗಳು ಜಾಸ್ತಿ ಎಡವುವುದು ಕೋಟೆ ಪಕ್ಕದ ಸೈಟ್‌ನಲ್ಲಿ. ಮೂರೂ ಊರುಗಳಲ್ಲಿ ಕೋಟೆ ಇದೆ, ಅದರ ನೋಟ ಸಿಗುವ ಜಾಗಕ್ಕೆ ಮನಸ್ಸು ಹೋಗುವುದು ಸಹಜ. ಆದರೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧ. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. ಸಿನಾಪ್ಸಿಸ್ ಕೊಡುವ ಮೊದಲೇ ಇದನ್ನು ಅಳೆದುಬಿಡಿ.

ಮಣ್ಣು ನೋಡಿ. ಎರೆ (ಕಪ್ಪು ಮಣ್ಣಿನ) ಭೂಮಿಯೋ, ಮಸಾರಿಯೋ (ಕೆಂಪು ಮಣ್ಣು)? ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮೇಲಿನ ನೆಲ, ಕಾಂಪೌಂಡ್ ಗೋಡೆ, ಬಸ್ ಓಡಾಡುವ ಕಾಂಕ್ರೀಟ್ ಎಲ್ಲ ಅದರ ಜೊತೆ ಬಿರಿಯುತ್ತವೆ. ಸೆಕ್ಷನ್‌ನಲ್ಲಿ (ಕಟ್ಟಡವನ್ನು ಮೇಲಿಂದ ಕೆಳಗೆ ಸೀಳಿ ತೋರಿಸುವ ಡ್ರಾಯಿಂಗ್) ಮಾಮೂಲಿ ಪಾಯ ಬರೆದು ಬಿಡಬೇಡಿ. ಇಂಥ ನೆಲಕ್ಕೆ ಅಂಡರ್ ರೀಮ್ಡ್ ಪೈಲ್, ಅಂದರೆ ಕೆಳತುದಿಯಲ್ಲಿ ಅಗಲವಾದ ಕಾಂಕ್ರೀಟ್ ಕಂಬ, ಬಳಸುವುದುಂಟು.

3. ಎಣಿಸಿ. ಎಣಿಸದೆ ಒಂದು ಗೆರೆಯೂ ಎಳೆಯಬೇಡಿ

ಬಸ್ ನಿಲ್ದಾಣದ ಪ್ರಾಜೆಕ್ಟ್ ನಿಲ್ಲುವುದು ಈ ಹಂತದ ಮೇಲೆ. ಮೂರೂ ಜಿಲ್ಲೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ವ್ಯಾಪ್ತಿಯಲ್ಲಿವೆ. ವಿಭಾಗೀಯ ಕಚೇರಿಗೆ ಪತ್ರ ಕೊಟ್ಟು ಫೋಟೊ, ಅಳತೆಗೆ ಅನುಮತಿ ತೆಗೆದುಕೊಳ್ಳಿ. ಪತ್ರ ಇಲ್ಲದೆ ಕ್ಯಾಮೆರಾ ಹಿಡಿದು ಓಡಾಡಬೇಡಿ.

ಆಮೇಲೆ ಟಿಸಿ ಹತ್ತಿರ ಹೋಗಿ. ಟಿಸಿ ಎಂದರೆ ಸಂಚಾರ ನಿಯಂತ್ರಕರು, ಬಸ್ ಬಂದ ಹೊತ್ತು, ಬಿಟ್ಟ ಹೊತ್ತು ಬರೆದುಕೊಳ್ಳುವವರು. ಯಾವ ಬಸ್ ಎಷ್ಟು ಹೊತ್ತು ನಿಲ್ಲುತ್ತದೆ, ಯಾವ ಅಂಕಣದಲ್ಲಿ ಗಲಾಟೆ, ಜಾತ್ರೆಯಲ್ಲಿ ಏನಾಗುತ್ತದೆ ಎಲ್ಲ ಅವರಿಗೆ ಗೊತ್ತು. ಅಂಕಣ ಎಂದರೆ ಬಸ್ ಬಂದು ನಿಲ್ಲುವ ಒಂದೊಂದು ಜಾಗ.

ಒಂದು ಮಾಮೂಲಿ ದಿನ, ಒಂದು ಸಂತೆ ದಿನ, ಬೆಳಿಗ್ಗೆ ಮತ್ತು ಸಂಜೆ, ಗೇಟಿನಲ್ಲಿ ನಿಂತು ಎಣಿಸಿ. ಲೆಕ್ಕ ಸುಲಭ. ಅತಿ ಹೆಚ್ಚು ಗಲಾಟೆಯ ಒಂದು ಗಂಟೆಯಲ್ಲಿ 48 ಬಸ್ ಹೊರಡುತ್ತವೆ, ಒಂದೊಂದೂ ಸರಾಸರಿ 15 ನಿಮಿಷ ನಿಲ್ಲುತ್ತದೆ ಎಂದುಕೊಳ್ಳಿ. 48ನ್ನು 15ರಿಂದ ಗುಣಿಸಿ 60ರಿಂದ ಭಾಗಿಸಿದರೆ 12 ಅಂಕಣ. ತಡವಾಗಿ ಬರುವ ಬಸ್ಸುಗಳಿಗೆ ಇನ್ನೆರಡು ಸೇರಿಸಿ, 14. ದೂರದೂರಿನ ಬಸ್ಸುಗಳು ಜಾಸ್ತಿ ಹೊತ್ತು ನಿಲ್ಲುವುದರಿಂದ ಅವುಗಳ ಲೆಕ್ಕ ಬೇರೆ ಮಾಡಿ. ಊಟಕ್ಕೆ, ವಿಶ್ರಾಂತಿಗೆ ನಿಲ್ಲುವ ಬಸ್ಸುಗಳನ್ನು ಅಂಕಣದಲ್ಲಿ ಇಡಬೇಡಿ, ಅವಕ್ಕೆ ಹಿಂದೆ ಜಾಗ ಕೊಡಿ.

ಬಸ್ಸಿನಷ್ಟೇ ಮುಖ್ಯವಾಗಿ ಜನರನ್ನು ಎಣಿಸಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳ ಓಡಾಟ ಜಾಸ್ತಿಯಾಗಿದೆ. ಹಳೆಯ ಥೀಸಿಸ್‌ಗಳಲ್ಲಿನ ಗಂಡಸರ, ಹೆಂಗಸರ ಶೌಚಾಲಯದ ಅನುಪಾತ ಎತ್ತಿಕೊಂಡರೆ ತಪ್ಪಾಗುತ್ತದೆ. ಎಷ್ಟು ಜನ ಬೆಂಚಿನ ಮೇಲೆ, ಎಷ್ಟು ಜನ ನೆಲದ ಮೇಲೆ, ಎಷ್ಟು ಜನ ಚೀಲದ ಮೇಲೆ ಕೂತಿದ್ದಾರೆ ಬರೆದುಕೊಳ್ಳಿ. ನಮ್ಮ ಕಡೆ ಕಂಬದ ಬುಡಕ್ಕೆ ಒರಗಿ, ಸಾಮಾನು ಮುಂದಿಟ್ಟುಕೊಂಡು, ಕುಟುಂಬವೆಲ್ಲ ದುಂಡಗೆ ಕೂರುತ್ತದೆ. ಸಾಲು ಕುರ್ಚಿ ಇವರಿಗೆ ಆಗುವುದಿಲ್ಲ. ಕಂಬದ ಸುತ್ತ 40–45 ಸೆಂ.ಮೀ. ಎತ್ತರದ ಅಗಲ ಕಟ್ಟೆ ಕೊಟ್ಟು ನೋಡಿ.

ಹೊರಗೆ ಆಟೊ, ಟಂಟಂ, ಕ್ರೂಸರ್ ಎಲ್ಲಿ ನಿಲ್ಲುತ್ತವೆ? ಅವುಗಳಿಗೆ ಜಾಗ ಕೊಡದ ಪ್ಲಾನ್‌ನಲ್ಲಿ ಅವು ಬಸ್ಸಿನ ಗೇಟಿಗೇ ಬಂದು ನಿಲ್ಲುತ್ತವೆ. ಇದು ಎಲ್ಲ ಊರಲ್ಲೂ ಕಣ್ಣಿಗೆ ಕಾಣುವ ಸಂಗತಿ, ಆದರೂ ಶೀಟ್‌ಗಳಲ್ಲಿ ಬರುವುದೇ ಇಲ್ಲ.

4. ಸೂರ್ಯನ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಬಳ್ಳಾರಿ ಇರುವುದು 15.1 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ರಾಯಚೂರು 16.2ರಲ್ಲಿ. ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೇ ವಾರದ ಸುಮಾರಿಗೆ ನಡುಹಗಲಲ್ಲಿ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ನಡುವಿನ ಅವಧಿಯಲ್ಲಿ ಅವನು ಉತ್ತರಕ್ಕೆ ವಾಲಿರುತ್ತಾನೆ. ಆದ್ದರಿಂದ ‘ಉತ್ತರದ ಗೋಡೆಗೆ ನೆರಳು ಬೇಡ’ ಎಂಬ ಮಾತು ಇಲ್ಲಿ ಪೂರ್ತಿ ನಿಜವಲ್ಲ. ಉತ್ತರಕ್ಕೂ ಚಿಕ್ಕದೊಂದು ಸಜ್ಜಾ ಕೊಡಿ.

ದಕ್ಷಿಣದ ಕಿಟಕಿ ಸುಲಭ. 1.2 ಮೀ. ಎತ್ತರದ ಕಿಟಕಿಗೆ ಮಾರ್ಚ್ 21ರ ನಡುಹಗಲಲ್ಲಿ ಪೂರ್ತಿ ನೆರಳು ಬೇಕೆಂದರೆ ಸುಮಾರು 33 ಸೆಂ.ಮೀ. ಸಜ್ಜಾ ಸಾಕು. 60 ಕೊಟ್ಟರೆ ಧಾರಾಳವಾಯಿತು.

ಪಶ್ಚಿಮದ ಕಥೆಯೇ ಬೇರೆ. ಅದೇ ಮಾರ್ಚ್ 21ರ ಸಂಜೆ ನಾಲ್ಕೂವರೆಗೆ ಬಳ್ಳಾರಿಯಲ್ಲಿ ಸೂರ್ಯ ಸುಮಾರು 29 ಡಿಗ್ರಿ ಎತ್ತರದಲ್ಲಿ, ಹೆಚ್ಚೂಕಡಿಮೆ ಗೋಡೆಗೆ ಎದುರಾಗಿಯೇ ಇರುತ್ತಾನೆ. 1.2 ಮೀ.ಯನ್ನು ಟ್ಯಾನ್ 29ರಿಂದ ಭಾಗಿಸಿ: 2.1 ಮೀ.ಗಿಂತ ಜಾಸ್ತಿ ಸಜ್ಜಾ ಬೇಕು. ಯಾರೂ ಕಟ್ಟುವುದಿಲ್ಲ, ಅಲ್ವಾ? ಹಾಗಾಗಿ ಪಶ್ಚಿಮಕ್ಕೆ ಅಡ್ಡ ಸಜ್ಜಾದ ಭರವಸೆ ಬೇಡ. ತೂತುಗಳಿರುವ ಜಾಲಿ ಗೋಡೆ, ನಿಲುವು ಹಲಗೆ, ಪಡಸಾಲೆ, ಬೇವಿನ ಮರ, ಇಲ್ಲವೆ ಆ ಕಡೆಗೆ ಮೆಟ್ಟಿಲು, ಬಚ್ಚಲು, ಸಾಮಾನಿನ ಕೋಣೆ ಇಟ್ಟುಬಿಡಿ.

ಈಗ ಇದೇ ಲೆಕ್ಕವನ್ನು ಬಸ್ ನಿಲ್ದಾಣಕ್ಕೆ ಹಾಕಿ. ಬಸ್ ಹಾಯಲು ಚಾವಣಿಯನ್ನು 4.5 ಮೀ. ಎತ್ತರಕ್ಕೆ ಏರಿಸುತ್ತೀರಿ. ಪಶ್ಚಿಮಕ್ಕೆ ತೆರೆದಿದ್ದರೆ ಅದೇ ಹೊತ್ತಿಗೆ ಬಿಸಿಲು ಅಂಚಿನಿಂದ 8 ಮೀಟರ್ ಒಳಗೆ ಬರುತ್ತದೆ! ಪ್ಲಾಟ್‌ಫಾರ್ಮಿನ ಅಗಲವೇ ಬಹುಪಾಲು ಅಷ್ಟಿರುವುದಿಲ್ಲ. ಪ್ಲಾನ್‌ನಲ್ಲಿ ಚಾವಣಿ ಕಂಡರೂ ಜನರ ಮೇಲೆ ನೆರಳಿಲ್ಲ. ಯಾವುದಾದರೂ ಪಶ್ಚಿಮಮುಖಿ ನಿಲ್ದಾಣದಲ್ಲಿ ಏಪ್ರಿಲ್ ಸಂಜೆ ನೋಡಿ: ಬೆಂಚುಗಳು ಖಾಲಿ, ಜನರೆಲ್ಲ ಹಿಂದಿನ ಗೋಡೆಗೆ ಅಂಟಿ ನಿಂತಿರುತ್ತಾರೆ, ಕೆಲವರು ಕಂಬದ ನೆರಳಿನ ಪಟ್ಟಿಯಲ್ಲಿ ಸಾಲಾಗಿ. ಇದಕ್ಕೆ ಪರಿಹಾರ ಸೆಕ್ಷನ್‌ನಲ್ಲಿದೆ. ಬಸ್ಸಿನ ಮೇಲೆ ಎತ್ತರದ ಚಾವಣಿ, ಜನರ ಮೇಲೆ 2.7–3 ಮೀ. ಎತ್ತರದಲ್ಲಿ ಇನ್ನೊಂದು ತಗ್ಗಿನ ಚಾವಣಿ, ಎರಡರ ನಡುವಿನ ಸಂದಿಯಿಂದ ಬಿಸಿ ಗಾಳಿ ಹೊರಹೋಗಲಿ. ಸಾಧ್ಯವಾದರೆ ಅಂಕಣಗಳನ್ನೇ ಉತ್ತರ–ದಕ್ಷಿಣಕ್ಕೆ ಮುಖ ಮಾಡಿ.

ಎರಡು ಎಚ್ಚರಿಕೆ. ಒಂದು, ಸ್ಕೆಚ್‌ಅಪ್‌ನಲ್ಲಿ (3ಡಿ ಮಾಡೆಲ್ ಮಾಡುವ ಸಾಫ್ಟ್‌ವೇರ್) ಊರಿನ ಸ್ಥಾನ ಹಾಕದೆ ನೆರಳು ತೆಗೆದರೆ ಅದು ಬೇರೆ ಯಾವುದೋ ದೇಶದ ನೆರಳು. ಎರಡು, ನಮ್ಮ ಗಡಿಯಾರ ಓಡುವುದು 82.5 ಡಿಗ್ರಿ ರೇಖಾಂಶಕ್ಕೆ, ನಾವಿರುವುದು 76–77ರಲ್ಲಿ. ಸೂರ್ಯನ ನಡುಹಗಲು ನಮ್ಮಲ್ಲಿ ಸರಾಸರಿ 20–25 ನಿಮಿಷ ತಡ. ಕೈಲೆಕ್ಕಕ್ಕೂ ಸಾಫ್ಟ್‌ವೇರ್ ಉತ್ತರಕ್ಕೂ ತಾಳೆ ಬೀಳದಿದ್ದರೆ ಮೊದಲು ಇದನ್ನು ನೋಡಿ.

5. ನಿಲ್ದಾಣದ ಪ್ಲಾನ್

ದೊಡ್ಡ ಬಸ್ 12 ಮೀ. ಉದ್ದ, ಸುಮಾರು 2.6 ಮೀ. ಅಗಲ. ತಿರುಗಲು ಹೊರ ಅಂಚಿನ ತ್ರಿಜ್ಯ 12 ಮೀ. ಹಿಡಿಯಿರಿ. ಸ್ವೆಪ್ಟ್ ಪಾತ್, ಅಂದರೆ ತಿರುಗುವಾಗ ಬಸ್ಸಿನ ಮೂಗು, ಬಾಲ ಎಲ್ಲೆಲ್ಲಿ ಹಾಯುತ್ತವೆ ಎಂಬ ಗೆರೆ, ಪ್ರತಿ ತಿರುವಿಗೂ ಎಳೆದು ತೋರಿಸಿ. ಟ್ರೇಸಿಂಗ್ ಹಾಳೆ ಮೇಲೆ ಬಸ್ ಕತ್ತರಿಸಿ ಓಡಿಸಿದರೂ ಸಾಕು.

ನಮ್ಮ ನಿಲ್ದಾಣಗಳಲ್ಲಿ ಬಸ್ ಮೂಗು ಮುಂದೆ ಮಾಡಿ ನಿಂತು, ಹಿಂದಕ್ಕೆ ತೆಗೆದು ಹೊರಡುತ್ತದೆ. ಇದಕ್ಕೆ ಒಂದು ಅಂಕಣಕ್ಕೆ ಸುಮಾರು 4 ಮೀ. ಅಗಲ ಸಾಕು, ಉದ್ದ ಕಡಿಮೆಯಾಗುತ್ತದೆ. ಆದರೆ ಹಿಂದಕ್ಕೆ ತೆಗೆಯುವ ಜಾಗವೂ ಸೇರಿದರೆ ಪ್ಲಾಟ್‌ಫಾರ್ಮ್ ಅಂಚಿನಿಂದ 35 ಮೀ. ಹತ್ತಿರ ಬೇಕು. ಅಪಾಯವೂ ಅಲ್ಲೇ: ಹಿಂದೆ ಬರುವ ಬಸ್ಸಿನ ದಾರಿಯಲ್ಲೇ ಜನ ಅಡ್ಡ ಹಾಯುತ್ತಾರೆ. ಗರಗಸದ ಹಲ್ಲಿನ ಹಾಗೆ ಓರೆಯಾಗಿ ನಿಲ್ಲಿಸುವ ಕ್ರಮದಲ್ಲಿ ಬಸ್ ಮುಂದಕ್ಕೇ ಹೊರಡುತ್ತದೆ, ಜಾಗ ಉದ್ದಕ್ಕೆ ಜಾಸ್ತಿ ಬೇಕು. ಯಾವುದನ್ನಾದರೂ ಆರಿಸಿ, ಆದರೆ ರಸ್ತೆಯಿಂದ ಅಂಕಣದವರೆಗೆ ಬಸ್ಸಿಗೆ ಎಲ್ಲೂ ಅಡ್ಡ ಬಾರದೆ ನಡೆದು ಬರುವ ಒಂದು ದಾರಿ ಇರಲೇಬೇಕು. ಆ ದಾರಿಯಲ್ಲಿ ಏರು 1:12ಕ್ಕಿಂತ ಕಡಿದಾಗಬಾರದು.

ಮರೆತುಹೋಗುವ ಕೋಣೆಗಳು: ಚಾಲಕ–ನಿರ್ವಾಹಕರು ರಾತ್ರಿ ತಂಗುವ ಕೋಣೆ, ಮಗುವಿಗೆ ಹಾಲುಣಿಸುವ ಕೋಣೆ, ಪಾಸ್ ಕೌಂಟರಿನ ಮುಂದೆ ಜೂನ್ ತಿಂಗಳ ವಿದ್ಯಾರ್ಥಿಗಳ ಸಾಲಿಗೆ ನೆರಳು, ರಾತ್ರಿ ಹೊತ್ತು ಹೆಣ್ಣುಮಕ್ಕಳು ಬೆಳಕಿನಲ್ಲಿ, ಟಿಸಿ ಕಣ್ಣಳತೆಯಲ್ಲಿ ಕೂರುವ ಜಾಗ.

6. ವಸತಿ: ಕೂಲರ್, ನೀರು, ಮಾಳಿಗೆ

ಅಳತೆ ಕೋಡ್‌ನಲ್ಲಿ ಸಿಗುತ್ತದೆ. ಎನ್‌ಬಿಸಿ ಪ್ರಕಾರ ವಾಸದ ಕೋಣೆ ಕನಿಷ್ಠ 9.5 ಚ.ಮೀ., ಅಗಲ 2.4 ಮೀ., ಎತ್ತರ 2.75 ಮೀ. 2015ರ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ (ನಗರ) ಆರ್ಥಿಕವಾಗಿ ದುರ್ಬಲರ ಮನೆಗೆ 30 ಚ.ಮೀ.ವರೆಗೆ ಕಾರ್ಪೆಟ್ ವಿಸ್ತೀರ್ಣ ಇತ್ತು, ಅಂದರೆ ಗೋಡೆಗಳ ಒಳಗಿನ ನೆಲ. ಕೋಡ್‌ನಲ್ಲಿ ಸಿಗದ ಮೂರು ಸಂಗತಿ ಹೇಳುತ್ತೇನೆ.

ಕೂಲರ್. ಶೀಟ್‌ಗಳಲ್ಲಿ ಎಲ್ಲರೂ ಎಸಿಗೆ ಜಾಗ ಬರೆಯುತ್ತಾರೆ. ನಮ್ಮ ಬಹುತೇಕ ಮನೆಗಳಲ್ಲಿ ಇರುವುದು ಕೂಲರ್. ಅದಕ್ಕೆ ಕಿಟಕಿಯ ಹೊರಗೆ ನೆರಳಿನಲ್ಲಿ ಭಾರ ತಡೆಯುವ ಹಲಗೆ, ಹತ್ತಿರದಲ್ಲಿ ನೀರು, ಒಳಬಂದ ಗಾಳಿ ಹೊರಹೋಗಲು ಎದುರು ಗೋಡೆಯಲ್ಲಿ ಕಿಂಡಿ ಬೇಕು. ಕಿಂಡಿ ಇಲ್ಲದಿದ್ದರೆ ಕೋಣೆ ಬರೀ ಜಿಗುಟು.

ನೀರು. ನಲ್ಲಿ ನೀರು ದಿನಾ ಬರುವುದಿಲ್ಲ ಎಂದೇ ಲೆಕ್ಕ ಹಾಕಿ. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ರೂಢಿಯ ಅಳತೆಯಲ್ಲಿ ಐದು ಜನರ ಮನೆಗೆ 675 ಲೀಟರ್. ಎಂಟು ದಿನಕ್ಕೊಮ್ಮೆ ನೀರು ಬಂದರೆ 5,400 ಲೀಟರ್ ಹಿಡಿದಿಡಬೇಕು. 50 ಮನೆಗೆ ಎಷ್ಟು ದೊಡ್ಡ ಸಂಪು, ಅದು ಎಲ್ಲಿ? ರಾಯಚೂರು, ಕೊಪ್ಪಳದ ಅಂತರ್ಜಲದಲ್ಲಿ ಹಲವೆಡೆ ಫ್ಲೋರೈಡ್ ಇದೆ, ಕುಡಿಯುವ ನೀರಿನ ಆರ್‌ಒ ಘಟಕ ಬೇಕಾಗುತ್ತದೆ. ಆರ್‌ಒ ಹೊರಚೆಲ್ಲುವ ನೀರನ್ನು ಶೌಚಾಲಯಕ್ಕೆ ತಿರುಗಿಸಿ ತೋರಿಸಿ.

ಮಾಳಿಗೆ. ಬೇಸಿಗೆಯಲ್ಲಿ ಮಲಗುವುದು ಅಲ್ಲಿ. ಮೆಣಸಿನಕಾಯಿ, ಶಾವಿಗೆ ಒಣಗುವುದೂ ಅಲ್ಲಿ. ನಾಲ್ಕು ಮಹಡಿ ಕಟ್ಟಿ ಮೇಲೆ ಬೀಗ ಹಾಕಿದರೆ ಮನೆಯ ಒಂದು ಕೋಣೆಯನ್ನೇ ಕಿತ್ತುಕೊಂಡ ಹಾಗೆ. ಎರಡು–ಮೂರು ಮಹಡಿಗೆ ನಿಲ್ಲಿಸಿ, ಪ್ರತಿ ಮನೆಗೂ ತೆರೆದ ಚಿಕ್ಕ ಮಾಳಿಗೆ ಕೊಡಿ. ಎದುರು ಮನೆಯವರ ಕಣ್ಣು ಬೀಳದಷ್ಟು ಎತ್ತರದ ಪ್ಯಾರಪೆಟ್ ಗೋಡೆಯಲ್ಲಿ ಗಾಳಿಗೆ ಜಾಲಿ ಇರಲಿ.

ಎಲ್ಲರೂ ಬರೆಯುವ ‘ಕ್ರಾಸ್ ವೆಂಟಿಲೇಷನ್’ ಬಗ್ಗೆ ಒಂದು ಮಾತು. ಏಪ್ರಿಲ್ ಮಧ್ಯಾಹ್ನದ ಗಾಳಿ ನಮ್ಮಲ್ಲಿ ಬಿಸಿ. ಆಗ ಕಿಟಕಿ ಮುಚ್ಚುತ್ತಾರೆ, ರಾತ್ರಿ ತೆರೆಯುತ್ತಾರೆ. ನೀಲಿ ಬಾಣದ ಗುರುತು ಹಾಕುವ ಮುನ್ನ ಅದು ಯಾವ ಹೊತ್ತಿನ ಗಾಳಿ ಎಂದು ಪಕ್ಕದಲ್ಲಿ ಬರೆಯಿರಿ. ಹಳೆಯ ಮಣ್ಣಿನ ಮಾಳಿಗೆ ಮನೆಗಳ ದಪ್ಪ ಗೋಡೆ, ಚಿಕ್ಕ ಕಿಟಕಿ, ಮೇಲಿನ ಬೆಳಕಿಂಡಿ ಈ ಲೆಕ್ಕದ ಮೇಲೇ ನಿಂತಿವೆ. ಅಂಥ ಒಂದು ಮನೆಯನ್ನು ಅಳೆದು ಬರೆಯುವುದು ಯಾವ ನೆಟ್ ಕೇಸ್ ಸ್ಟಡಿಗಿಂತಲೂ ಮೇಲು.

ಮೇಲ್ಛಾವಣಿ ಮುಖ್ಯ. ಯು-ವ್ಯಾಲ್ಯೂ ಎಂದರೆ ಗೋಡೆ ಅಥವಾ ಛಾವಣಿ ಎಷ್ಟು ಶಾಖ ಬಿಟ್ಟುಕೊಡುತ್ತದೆ ಎಂಬ ಅಳತೆ, ಕಡಿಮೆಯಾದಷ್ಟು ಒಳ್ಳೆಯದು. ಇಕೋ ನಿವಾಸ್ ಸಂಹಿತಾ ಛಾವಣಿಗೆ ಹಾಕಿರುವ ಮಿತಿ 1.2. ಬರೀ ಆರ್‌ಸಿಸಿ ಸ್ಲ್ಯಾಬ್ 3ರ ಮೇಲಿರುತ್ತದೆ. ನಿಮ್ಮ ಪದರಗಳ ಲೆಕ್ಕ ಹಾಕಿ ಶೀಟ್‌ನಲ್ಲಿ ಬರೆಯಿರಿ. ಜೊತೆಗೆ ನಿಮ್ಮ ಊರು ಯಾವ ಹವಾಮಾನ ವಲಯ ಎಂಬುದನ್ನು ಸಂಹಿತೆಯಲ್ಲೇ ನೋಡಿ, ಊಹೆಯಿಂದ ‘ಬಿಸಿ–ಒಣ’ ಎಂದು ಬರೆಯಬೇಡಿ.

ಹೊರಗಿನ ಒಂದು ಕೇಸ್ ಸ್ಟಡಿ ಬೇಕೆಂದರೆ ಇಂದೋರ್‌ನ ಅರಣ್ಯ ಬಡಾವಣೆ ತೆಗೆದುಕೊಳ್ಳಿ. ಬಿ.ವಿ. ದೋಶಿ ಅವರ ವಿನ್ಯಾಸ. ಪೂರ್ತಿ ಮನೆ ಕಟ್ಟಿ ಕೊಡುವ ಬದಲು ನಿವೇಶನ, ಶೌಚಾಲಯ, ನೀರು ಮತ್ತು ಮೂಲ ಕೋಣೆ ಕೊಟ್ಟು, ಉಳಿದದ್ದನ್ನು ಜನ ನಿಧಾನಕ್ಕೆ ಬೆಳೆಸಿಕೊಳ್ಳಲು ಬಿಟ್ಟರು. ಹೊಲಿಗೆ ಯಂತ್ರ ಮನೆಗೆ ಬಂದಾಗ ಒಂದು ಕೋಣೆ ಏರಿಸುವ ಬಳ್ಳಾರಿಯ ಕುಟುಂಬಕ್ಕೆ ಇದು ಚೆನ್ನಾಗಿ ಹೊಂದುತ್ತದೆ.

7. ಸಾಮಗ್ರಿ

ಶಕ್ತಿನಗರ ಮತ್ತು ಕುಡತಿನಿಯ ಉಷ್ಣ ವಿದ್ಯುತ್ ಸ್ಥಾವರಗಳ ಹಾರುಬೂದಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ (ಅದಿರು ಕರಗಿಸಿದ ಮೇಲೆ ಉಳಿಯುವ ಕಿಟ್ಟ), ಸುತ್ತಲಿನ ಗ್ರಾನೈಟ್. ಹಾರುಬೂದಿ ಇಟ್ಟಿಗೆ, ಸ್ಲ್ಯಾಗ್ ಸಿಮೆಂಟ್, ಸೈಜುಗಲ್ಲಿನ ಗೋಡೆ ಇಲ್ಲಿ ಸಹಜ ಆಯ್ಕೆ. ಯಂತ್ರದಲ್ಲಿ ಒತ್ತಿ ಮಾಡಿದ ಮಣ್ಣಿನ ಇಟ್ಟಿಗೆ ಬಳಸುವುದಾದರೆ ಎರೆ ಮಣ್ಣು ಬೇಡ, ಮಸಾರಿ ಬೇಕು. ಎಲ್ಲಿಂದ ಎಷ್ಟು ಕಿ.ಮೀ. ತರುತ್ತೀರಿ ಬರೆಯಿರಿ. ಬಿದಿರಿನ ದೊಡ್ಡ ಕಮಾನು ಬರೆದು ‘ಸ್ಥಳೀಯ’ ಎನ್ನುವ ಶೀಟ್ ಆಗಾಗ ಕಾಣುತ್ತದೆ. ಬಯಲುಸೀಮೆಯಲ್ಲಿ ಅಷ್ಟು ಬಿದಿರು ಎಲ್ಲಿದೆ?

8. ‘ಸಸ್ಟೇನಬಲ್’ ಎಂದರೆ ಲೆಕ್ಕ ಕೊಡಿ

ಸೋಲಾರ್: ಒಂದು ಕಿಲೋವ್ಯಾಟ್‌ಗೆ ಸುಮಾರು 10 ಚ.ಮೀ., ದಿನಕ್ಕೆ ಸುಮಾರು 4 ಯೂನಿಟ್. 1,000 ಚ.ಮೀ. ಛಾವಣಿಯಿಂದ 400 ಯೂನಿಟ್. ನಿಲ್ದಾಣದ ದೀಪ, ಫ್ಯಾನಿಗೆ ಇದು ಬೇಕಾದಷ್ಟು. ಆದರೆ 12 ಮೀ.ನ ಎಲೆಕ್ಟ್ರಿಕ್ ಬಸ್ ಕಿ.ಮೀ.ಗೆ 1.2 ಯೂನಿಟ್ ತಿಂದು ದಿನಕ್ಕೆ 200 ಕಿ.ಮೀ. ಓಡಿದರೆ 240 ಯೂನಿಟ್ ಬೇಕು. ನಿಮ್ಮ ಛಾವಣಿ ಎರಡು ಬಸ್ಸಿಗೂ ಸಾಲದು. ನಗರಗಳಿಗೆ ಎಲೆಕ್ಟ್ರಿಕ್ ಬಸ್ ಕೊಡುವ ಕೇಂದ್ರದ ಯೋಜನೆ ಪಿಎಂ ಇ-ಬಸ್ ಸೇವಾ 2023ರಲ್ಲಿ ಬಂದಿದೆ, ಚಾರ್ಜಿಂಗ್ ಅಂಕಣ, ಟ್ರಾನ್ಸ್‌ಫಾರ್ಮರ್ ಜಾಗ ಖಂಡಿತ ತೋರಿಸಿ. ‘ಪೂರ್ತಿ ಸೋಲಾರ್‌ನಲ್ಲೇ ಬಸ್ ಓಡುತ್ತವೆ’ ಎಂದು ಮಾತ್ರ ಬರೆಯಬೇಡಿ.

ಮಳೆ: 1,000 ಚ.ಮೀ. ಮೇಲೆ 500 ಮಿ.ಮೀ. ಮಳೆ ಬಿದ್ದು ಶೇ. 80 ಹಿಡಿದರೆ 4 ಲಕ್ಷ ಲೀಟರ್. ದಿನಕ್ಕೆ 20,000 ಲೀಟರ್ ಖರ್ಚಿದ್ದರೆ ಇಪ್ಪತ್ತು ದಿನದ ನೀರು. ಸಣ್ಣದಲ್ಲ, ಆದರೆ ‘ಸ್ವಾವಲಂಬಿ’ಯೂ ಅಲ್ಲ.

9. ಶೀಟ್ ಮತ್ತು ಜ್ಯೂರಿ

ಮೊದಲ ಶೀಟ್‌ನಲ್ಲಿ ಎಣಿಕೆಯ ಫಲಿತಾಂಶ ಮತ್ತು ನಾಲ್ಕೂವರೆಯ ಬಿಸಿಲಿನ ಗೆರೆ ಇರುವ 1:50 ಸೆಕ್ಷನ್ ಇರಲಿ. ರೆಂಡರ್ ಕೊನೆಗೆ. ರೆಂಡರ್‌ನಲ್ಲಿ ಟ್ರಾಲಿ ಬ್ಯಾಗ್ ಎಳೆಯುವ ಕೋಟುಧಾರಿಗಳ ಬದಲು ನಿಮ್ಮ ಫೋಟೊದಲ್ಲಿ ಕಂಡ ಜನರನ್ನು ಬರೆದು ಕೂರಿಸಿ. ಮಾಡೆಲ್ ಬೇಸಿನ ಮೇಲೆ ಉತ್ತರ ದಿಕ್ಕು ಗುರುತು ಮಾಡಿ. ಫೋನಿನ ಟಾರ್ಚನ್ನು ಪಶ್ಚಿಮಕ್ಕೆ 1 ಮೀ. ದೂರ, 55 ಸೆಂ.ಮೀ. ಎತ್ತರದಲ್ಲಿ ಹಿಡಿದರೆ 29 ಡಿಗ್ರಿ ಬರುತ್ತದೆ, ನೆರಳನ್ನು ಜ್ಯೂರಿ ಮುಂದೆಯೇ ತೋರಿಸಬಹುದು.

ಕೇಳಬಹುದಾದ ಪ್ರಶ್ನೆಗಳು ಹೆಚ್ಚೂಕಡಿಮೆ ಇವೇ: ಬಸ್ ಹಿಂದೆ ಬರುವಾಗ ಜನ ಎಲ್ಲಿರುತ್ತಾರೆ? ಶೌಚಾಲಯ ತೊಳೆದ ನೀರು ಎಲ್ಲಿಗೆ ಹೋಗುತ್ತದೆ? ಜಾಲಿಯ ಧೂಳು ಯಾರು ಒರೆಸುತ್ತಾರೆ, ಏಣಿ ಎಲ್ಲಿ ಇಡುತ್ತಾರೆ? ಧೂಳಿನ ಪ್ರಶ್ನೆಗೆ ಬಹಳಷ್ಟು ಮಂದಿ ತಡವರಿಸುತ್ತಾರೆ, ಉತ್ತರ ಇಟ್ಟುಕೊಂಡಿರಿ.

ಜ್ಯೂರಿ ಮುಗಿದ ಮೇಲೆ ಎಣಿಕೆ ಹಾಳೆಗಳ ಮತ್ತು ಮುಖ್ಯ ಡ್ರಾಯಿಂಗ್‌ಗಳ ಒಂದು ಪ್ರತಿಯನ್ನು ಅನುಮತಿ ಕೊಟ್ಟ ಕಚೇರಿಗೆ ತಲುಪಿಸಿ ಬನ್ನಿ. ಮುಂದಿನ ವರ್ಷ ಪತ್ರ ಹಿಡಿದು ಹೋಗುವ ವಿದ್ಯಾರ್ಥಿಗೆ ಅನುಮತಿ ಬೇಗ ಸಿಗುತ್ತದೆ.